ಬೈಸಿಕಲ್ ಚಕ್ರದ ಗುಂಬವನ್ನು ಮನೆಯಲ್ಲಿಯೇ ಸುಸ್ಥಿತಿಯಲ್ಲಿಟ್ಟುಕೊಳ್ಳುವ ಕ್ರಮ

ಡೈರಿಗೆ ಹಾಲಿನ ಕ್ಯಾನುಗಳನ್ನು ಒಯ್ಯುವುದಕ್ಕೂ, ಹೊಲಕ್ಕೆ ಬಿತ್ತನೆಯ ಬೀಜವನ್ನು ಸಾಗಿಸುವುದಕ್ಕೂ, ಸಂತೆಗೆ ತರಕಾರಿಯನ್ನು ಹೇರಿಕೊಂಡು ಹೋಗುವುದಕ್ಕೂ ಬೈಸಿಕಲ್ಲು ಬಹಳ ಉಪಯುಕ್ತವಾದ ವಾಹನವಾಗಿದೆ. ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕದೆ ಯಾವ ರೈತನೂ ದೂರ ಪ್ರಯಾಣಕ್ಕೆ ಗಾಡಿ ಕಟ್ಟುವುದಿಲ್ಲ. ಆದರೆ ಬೈಸಿಕಲ್ಲಿನ ಚಕ್ರವು ಸದ್ದಿಲ್ಲದೆ ತಿರುಗುತ್ತದೆಂಬ ಕಾರಣದಿಂದ ಅದರ ಗುಂಬವನ್ನು ವರ್ಷಗಟ್ಟಲೆ ಬಿಚ್ಚಿ ನೋಡದೆ ಇರುವುದುಂಟು. ಇದರಿಂದ ಒದಗುವ ನಷ್ಟವನ್ನೂ, ಅದನ್ನು ತಪ್ಪಿಸುವ ಕ್ರಮವನ್ನೂ ಇಲ್ಲಿ ತಿಳಿಸಿದೆ.

ಗುಂಬದ ರಚನೆ.— ಕಡ್ಡಿಗಳೆಲ್ಲವೂ ಬಂದು ಸೇರುವ ಗುಂಬಕ್ಕೆ ಅಂಗಡಿಯವರು ಹಬ್ ಎನ್ನುತ್ತಾರೆ. ಅದರ ಎರಡು ತುದಿಗಳಲ್ಲಿಯೂ ಉಕ್ಕಿನ ಬಟ್ಟಲುಗಳಿವೆ. ಅಚ್ಚಿನ ಮೇಲೆ ಎರಡು ಕೋನುಗಳನ್ನು ತಿರುಪಿರುತ್ತದೆ. ಬಟ್ಟಲಿಗೂ ಕೋನಿಗೂ ನಡುವೆ ಉಕ್ಕಿನ ಗುಂಡುಗಳು ಉರುಳುತ್ತವೆ. ಬೈಸಿಕಲ್ಲಿನಲ್ಲಿ ಇಂತಹ ಏರ್ಪಾಡಿಗೆ ೧೮೬೯ರಲ್ಲಿ ಪ್ಯಾರಿಸ್ ನಗರದ ಜೂಲ್ ಸೂರಿರೇ ಎಂಬಾತನು ಪೇಟೆಂಟು ಪಡೆದನು. ಚಕ್ರವು ತಿರುಗುವಾಗ ಬಟ್ಟಲೂ ತಿರುಗುವುದರಿಂದ ಭಾರವು ಅದರ ಸುತ್ತಲೂ ಹಂಚಿಹೋಗುತ್ತದೆ. ಅಚ್ಚಾದರೋ ತಿರುಗುವುದಿಲ್ಲ, ಆದ್ದರಿಂದ ಕೋನಿನ ಕೆಳಭಾಗದ ಒಂದೇ ಜಾಗವು ಭಾರವನ್ನು ಸದಾ ಹೊರಬೇಕಾಗುತ್ತದೆ. ಮೊದಲು ಸವೆದು ಗುಳಿ ಬೀಳುವುದು ಅಲ್ಲಿಯೇ. ಕೋನೂ ಗುಂಡುಗಳೂ ಸ್ವಲ್ಪ ಹಣಕ್ಕೆ ದೊರೆಯುತ್ತವೆ. ಆದರೆ ಗುಳಿ ಬಿದ್ದ ಕೋನನ್ನು ಹಾಗೆಯೇ ಬಿಟ್ಟರೆ ಬಟ್ಟಲೂ ಕೆಡುತ್ತದೆ. ಬಟ್ಟಲು ಕೆಟ್ಟಮೇಲೆ ಸಾಮಾನ್ಯವಾಗಿ ಗುಂಬವನ್ನೇ ಬದಲಾಯಿಸಿ, ಕಡ್ಡಿಗಳನ್ನೆಲ್ಲ ಹೊಸದಾಗಿ ಕಟ್ಟಿಸಬೇಕಾಗುತ್ತದೆ.

ಪರೀಕ್ಷೆ.— ಚಕ್ರವನ್ನು ನೆಲದಿಂದ ಎತ್ತಿ ಮೆಲ್ಲಗೆ ತಿರುಗಿಸಿರಿ. ಗುಂಬವು ಸರಿಯಾಗಿದ್ದರೆ ಮುಂದಿನ ಚಕ್ರವು ನಿಲ್ಲುವ ಮೊದಲು ಭಾರವಾದ ಭಾಗವನ್ನು ಕೆಳಕ್ಕೆ ತಂದು ತೊಟ್ಟಿಲಿನಂತೆ ಹಿಂದಕ್ಕೂ ಮುಂದಕ್ಕೂ ತೂಗಾಡುವುದು. ತಟ್ಟನೆ ನಿಂತರೆ ಕೋನು ಬಿಗಿಯಾಗಿದೆ, ಇಲ್ಲವೆ ಗ್ರೀಸು ಒಣಗಿದೆ ಎಂದು ತಿಳಿಯತಕ್ಕದ್ದು. ರಿಮ್ಮನ್ನು ಹಿಡಿದು ಎಡಬಲಕ್ಕೆ ಅಲುಗಾಡಿಸಿದಾಗ ಗುಂಬದಲ್ಲಿ ಕಟಕಟ ಎಂದರೆ ಕೋನು ಸಡಿಲವಾಗಿದೆ. ಕೈಗೆ ಮರಳು ಅರೆದಂತೆ ತೋರಿದರೆ ತಡಮಾಡದೆ ಬಿಚ್ಚಬೇಕು.

ಬೇಕಾಗುವ ಸಾಮಾನುಗಳು.— ಅಚ್ಚಿನ ನಟ್ಟಿಗೆ ಒಂದು ಸ್ಪ್ಯಾನರು, ಕೋನಿಗೆ ತೆಳುವಾದ ಕೋನ್ ಸ್ಪ್ಯಾನರು, ಸೀಮೆಎಣ್ಣೆ, ಅಗಲವಾದ ತಟ್ಟೆ, ಶುಭ್ರವಾದ ಹಳೆಯ ಬಟ್ಟೆ, ಬೇರಿಂಗಿಗೆ ಹಾಕುವ ಗ್ರೀಸು.

ಕೆಲಸದ ಕ್ರಮ.— (೧) ಚಕ್ರವನ್ನು ಕಳಚಿ ತಟ್ಟೆಯ ಮೇಲೆ ಮಲಗಿಸಿರಿ. ಹಿಂದಿನ ಚಕ್ರದಲ್ಲಿ ಫ್ರೀವೀಲಿನ ಕಡೆಯನ್ನು ಮುಟ್ಟದೆ ಎಡಗಡೆಯಿಂದಲೇ ಬಿಚ್ಚಬೇಕು. ಕೋನನ್ನು ತೆಳು ಸ್ಪ್ಯಾನರಿನಿಂದ ಹಿಡಿದುಕೊಂಡು ಲಾಕ್‌ನಟ್ಟನ್ನು ಸಡಿಲಿಸಿ, ವಾಷರು ಮತ್ತು ಕೋನುಗಳನ್ನು ತೆಗೆದು, ತೆಗೆದ ಕ್ರಮದಲ್ಲಿಯೇ ಸಾಲಾಗಿ ಇಡತಕ್ಕದ್ದು.

(೨) ಅಚ್ಚನ್ನು ಎಳೆಯುವಾಗ ಗುಂಡುಗಳು ಉದುರುತ್ತವೆ. ಎರಡು ಕಡೆಯವನ್ನೂ ಬೇರೆಬೇರೆಯಾಗಿ ಎಣಿಸಿರಿ. ಸಾಧಾರಣ ಗಾಡಿಗಳಲ್ಲಿ ಹಿಂದಿನ ಚಕ್ರಕ್ಕೆ ಕಡೆಗೆ ೧/೪ ಅಂಗುಲದ ೯ ಗುಂಡುಗಳೂ, ಮುಂದಿನದಕ್ಕೆ ಕಡೆಗೆ ೩/೧೬ ಅಂಗುಲದ ೧೦ ಗುಂಡುಗಳೂ ಇರುತ್ತವೆ.

(೩) ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಪೂರ್ತಿಯಾಗಿ ಒರೆಸಿರಿ. ದೀಪವೂ ಬೀಡಿಯೂ ಹತ್ತಿರ ಇರಕೂಡದು. ಕೊಳೆಯಾದ ಎಣ್ಣೆಯನ್ನು ಬಾವಿಯ ಬಳಿಯಲ್ಲಾಗಲಿ ದನಗಳು ನೀರು ಕುಡಿಯುವ ಕಡೆಯಲ್ಲಾಗಲಿ ಚೆಲ್ಲಬಾರದು.

(೪) ಕೋನಿನ ಮೈಮೇಲೆ ಉಗುರಾಡಿಸಿ ನೋಡಿರಿ. ಉಗುರಿಗೆ ಗುಳಿ ಸಿಕ್ಕಿದರೆ ಆ ಕೋನನ್ನು ಪುನಃ ಹಾಕದೆ, ಅದೇ ಅಳತೆಯ ಹೊಸದನ್ನು ತರಬೇಕು. ಒಂದು ಗುಂಡು ಹೊಳಪುಗೆಟ್ಟಿದ್ದರೂ ಎಲ್ಲವನ್ನೂ ಬದಲಾಯಿಸತಕ್ಕದ್ದು. ಹೊಸದನ್ನು ಹಳೆಯದರೊಡನೆ ಬೆರೆಸಿದರೆ ದೊಡ್ಡದಾಗಿರುವ ಗುಂಡೇ ಭಾರವನ್ನೆಲ್ಲ ಹೊರುತ್ತದೆ.

(೫) ಬಟ್ಟಲಿನಲ್ಲಿ ಗ್ರೀಸನ್ನು ಮೆತ್ತಿ, ಗುಂಡುಗಳನ್ನು ಅದರಲ್ಲಿ ಕೂರಿಸಿ, ಅಚ್ಚನ್ನು ನಿಧಾನವಾಗಿ ತೂರಿಸಿರಿ. ಕೀಲೆಣ್ಣೆ, ಹರಳೆಣ್ಣೆ, ಕೊಬ್ಬರಿ ಎಣ್ಣೆಗಳನ್ನು ಹಾಕಕೂಡದು. ಇವು ಕಾಲಕ್ರಮದಲ್ಲಿ ಅಂಟಾಗಿ ಧೂಳನ್ನು ಹಿಡಿಯುತ್ತವೆ.

(೬) ಕೋನನ್ನು ಬೆರಳಿನಿಂದಲೇ ಗುಂಡಿಗೆ ತಾಗುವವರೆಗೆ ತಿರುಪಿ, ಸುಮಾರು ಕಾಲು ಸುತ್ತು ಹಿಂದಕ್ಕೆ ಬಿಡಿರಿ. ಅದನ್ನು ಕದಲದಂತೆ ಹಿಡಿದು ಲಾಕ್‌ನಟ್ಟನ್ನು ಬಿಗಿಮಾಡಿರಿ. ನಟ್ಟು ಬಿಗಿಯುವಾಗ ಕೋನು ಸ್ವಲ್ಪ ಒತ್ತಲ್ಪಡುವುದರಿಂದ, ಎರಡು ಮೂರು ಸಲ ತಿದ್ದಿದ ಮೇಲೆಯೇ ಹದ ಸಿಕ್ಕುತ್ತದೆ. ಚಕ್ರವನ್ನು ಗಾಡಿಗೆ ಕೂಡಿಸಿದ ಬಳಿಕ ಮೇಲೆ ಹೇಳಿದ ಪರೀಕ್ಷೆಗಳನ್ನು ಮತ್ತೊಮ್ಮೆ ಮಾಡಬೇಕು. ಅಲುಗಾಟವೂ ಇರಕೂಡದು, ಬಿಗಿಯೂ ಇರಕೂಡದು.

ಕಾಲ.— ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಈ ಕೆಲಸವನ್ನು ಮಾಡಿದರೆ ಸಾಮಾನ್ಯವಾಗಿ ಸಾಕು. ಭಾರ ಹೊರುವ ಗಾಡಿಗಳಿಗೆ ಮುಂಗಾರಿಗೆ ಮುಂಚೆಯೂ ಒಮ್ಮೆ ಮಾಡುವುದು ಒಳ್ಳೆಯದು. ಹಳ್ಳ ದಾಟುವಾಗ ಗುಂಬವು ನೀರಿನಲ್ಲಿ ಮುಳುಗಿದರೆ, ಕಾಲವನ್ನು ಕಾಯದೆ ಬಿಚ್ಚಿ ಒರೆಸಿ ಹೊಸ ಗ್ರೀಸನ್ನು ತುಂಬಬೇಕು. ಕೆಸರನ್ನು ತೊಳೆಯುವುದಕ್ಕಾಗಿ ಗಾಡಿಯನ್ನು ಕೆರೆಗೂ ಕಾಲುವೆಗೂ ಇಳಿಸುವ ಪದ್ಧತಿಯನ್ನು ಬಿಟ್ಟು, ಒದ್ದೆ ಬಟ್ಟೆಯಿಂದ ಒರೆಸತಕ್ಕದ್ದು. ಈಚಿನ ಕೆಲವು ಗಾಡಿಗಳ ಗುಂಬದಲ್ಲಿ ಮುಚ್ಚಿದ ಬೇರಿಂಗುಗಳಿರುತ್ತವೆ. ಅವುಗಳಿಗೆ ಮೇಲಿನ ಕ್ರಮವು ಅನ್ವಯಿಸುವುದಿಲ್ಲ. ಅವು ಸವೆದಾಗ ಇಡಿಯಾಗಿ ಬದಲಾಯಿಸಬೇಕು.

ಗ್ರಾಮದ ಮುಖಂಡರಿಗೆ ಸೂಚನೆ.— ಕೋನ್ ಸ್ಪ್ಯಾನರು ಪ್ರತಿ ಮನೆಯಲ್ಲಿಯೂ ಇರುವ ವಸ್ತುವಲ್ಲ. ಊರಿಗೊಂದು ಜೊತೆಯನ್ನು ಕೊಂಡು ಒಬ್ಬರ ವಶದಲ್ಲಿಟ್ಟರೆ ಎಲ್ಲರಿಗೂ ಅನುಕೂಲವಾಗುತ್ತದೆ. ಮಳೆಗಾಲ ಕಳೆದ ಮೇಲೆ ಒಂದು ದಿನವನ್ನು ಗೊತ್ತುಮಾಡಿ, ಕೆಲಸ ಬಲ್ಲವರಿಂದ ಒಂದು ಚಕ್ರವನ್ನು ಎಲ್ಲರೆದುರಿಗೆ ಬಿಚ್ಚಿಸಿ ತೋರಿಸಿದರೆ ಉಳಿದವರು ಸುಲಭವಾಗಿ ಕಲಿಯುವರು. ಹಾಲು ಹೊತ್ತ ಗಾಡಿಯು ಡೈರಿಯ ವೇಳೆ ಮೀರುವಂತೆ ದಾರಿಯಲ್ಲಿ ಕೆಟ್ಟು ನಿಂತರೆ ಆಗುವ ನಷ್ಟಕ್ಕೆ ಹೋಲಿಸಿದಲ್ಲಿ, ಒಂದು ಹಿಡಿ ಗ್ರೀಸಿನ ಖರ್ಚೂ ಅರ್ಧ ದಿನದ ಶ್ರಮವೂ ಅತ್ಯಲ್ಪವೇ ಸರಿ.