ಬೆರಳುಗಳು ಬೆಳ್ಳಗಾದಾಗ

ಚಳಿಗೋ ಪರೀಕ್ಷೆಯ ಕಳವಳಕ್ಕೋ ಕೆಲವು ಸಹಪಾಠಿಗಳ ಬೆರಳುಗಳು ಸುಣ್ಣದಂತೆ ಬಿಳುಪೇರಿ, ನೀಲಿಯಾಗಿ, ಕೊನೆಗೆ ಕೆಂಪಾಗುವುದನ್ನು ನಾನು ನೋಡಿದ್ದೇನೆ. 1862ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವೈದ್ಯ ಮಾರಿಸ್ ರೇನೋನ ಹೆಸರೇ ಇದಕ್ಕೆ ನಿಂತಿದೆ. ಸಣ್ಣ ರಕ್ತನಾಳಗಳು ಅತಿಯಾಗಿ ಸಂಕುಚಿಸಿ ರಕ್ತಸಂಚಾರ ಕುಂದುವುದೇ ಕಾರಣ. ಹದಿಹರೆಯದಲ್ಲಿ, ಅದರಲ್ಲೂ ಹುಡುಗಿಯರಲ್ಲಿ, ಇದು ತಲೆದೋರುವುದುಂಟು. ಸಾಮಾನ್ಯವಾಗಿ ಅಪಾಯವಿಲ್ಲ, ಅಂಟುರೋಗವಂತೂ ಅಲ್ಲ.

ಕೈಗವಸು ಮಾತ್ರ ಸಾಲದು, ಮೈಯೆಲ್ಲ ಬೆಚ್ಚಗಿರಬೇಕು. ಧೂಮಪಾನ ಸಲ್ಲದು. ಬಿಳುಪೇರಿದ ಕೈಯನ್ನು ಬೆಂಕಿಗೆ ಹಿಡಿಯಬಾರದು. ಮರಗಟ್ಟಿದ ಬೆರಳಿಗೆ ಸುಟ್ಟದ್ದು ತಿಳಿಯದು. ಉಗುರುಬೆಚ್ಚಗಿನ ನೀರೇ ಲೇಸು. ಬೆರಳಲ್ಲಿ ಹುಣ್ಣಾದರೆ, ಕೀಲುನೋವು ಬಂದರೆ, ಒಂದೇ ಕೈಯಲ್ಲಿ ಕಂಡರೆ ವೈದ್ಯರಿಗೆ ತೋರಿಸಬೇಕು. ಬೇರೊಂದು ರೋಗ ಅಡಗಿರಬಹುದು.

ಪರೀಕ್ಷಾಮಂದಿರದಲ್ಲಿ ಲೇಖನಿ ಹಿಡಿಯಲಾರದವಳನ್ನು ಸೋಮಾರಿಯೆನ್ನದಿರೋಣ. ಕೈ ಬೆಚ್ಚಗಾಗಲು ಅವಳಿಗೆ ಕೊಂಚ ಅವಕಾಶ ಬೇಕು, ಅಷ್ಟೆ.