94 ಮಕ್ಕಳ ಕೋಣೆಗೆ ಒಂದು ಕಾಗದ

ಹೊಸಪೇಟೆ,
ಭಾನುವಾರ ಬೆಳಿಗ್ಗೆ

ಪ್ರೀತಿಯ ಪುಟ್ಟಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನೆ ರಾತ್ರಿ ನೀನು ಫೋನಿಟ್ಟ ಮೇಲೆ ಬಹಳ ಹೊತ್ತು ನಿದ್ದೆ ಹತ್ತಲಿಲ್ಲ. "ಒಂಬತ್ತನೇ ಕ್ಲಾಸಿನಲ್ಲಿ 94 ಮಕ್ಕಳು ದೊಡ್ಡಮ್ಮ, ಒಂದೇ ಸೆಕ್ಷನ್. ನಾನು ಪಾಠ ಮಾಡ್ತಿದ್ದೀನೋ ಕಾವಲು ಕಾಯ್ತಿದ್ದೀನೋ ಗೊತ್ತಾಗ್ತಿಲ್ಲ" ಅಂದೆಯಲ್ಲ, ಆ ಮಾತಿಗೆ ನನಗೆ ಆ ಗಳಿಗೆಯಲ್ಲಿ ಉತ್ತರ ಹೊಳೆಯಲಿಲ್ಲ. ಎಲ್ಲಾ ಸರಿಹೋಗುತ್ತೆ ಬಿಡು ಎಂದು ಮಾತು ಮುಗಿಸಿಬಿಟ್ಟೆ. 31 ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ಅಷ್ಟಕ್ಕೇ ಸುಮ್ಮನಾಗಬಾರದು ಅನ್ನಿಸಿ, ಕಾಫಿ ಕುಡಿದವಳೇ ಬರೆಯಲು ಕೂತಿದ್ದೇನೆ.

ನಿನ್ನ ಕ್ಲಾಸಿನಲ್ಲಿ ಗದ್ದಲವಾದರೆ ಅದು ನಿನ್ನ ಕೈಲಾಗದತನ ಅಂತ ತಿಳಿಯಬೇಡ. ನಮ್ಮ ಲೆಕ್ಕದ ಭಾಷೆಯಲ್ಲೇ ಹೇಳುತ್ತೇನೆ. ಒಂದು ನೋಟ್‌ಬುಕ್ಕನ್ನು ನಿಜವಾಗಿ ಓದಲು ಎರಡು ನಿಮಿಷವಾದರೂ ಬೇಕು. 94 ನೋಟ್‌ಬುಕ್ಕಿಗೆ 188 ನಿಮಿಷ, ಅಂದರೆ ಮೂರು ತಾಸಿನ ಮೇಲೆ ಎಂಟು ನಿಮಿಷ. ಇದು ಒಂದು ತರಗತಿಯ ಒಂದು ದಿನದ ಹೋಂವರ್ಕ್ ಮಾತ್ರ. ನೀನು ಪಿಸಿಎಂ ಟೀಚರು. ಎಂಟು ಮತ್ತು ಹತ್ತನೇ ತರಗತಿಯೂ ನಿನ್ನವೇ, ಗಣಿತದ ಜೊತೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರವೂ ನಿನ್ನದೇ. ವರ್ಷಕ್ಕೆ ನಾಲ್ಕು ಸಲ ಎಫ್‌ಎ ಮೌಲ್ಯಮಾಪನ, ಅದರ ಚಟುವಟಿಕೆ, ಅದರ ಅಂಕ. ಇಷ್ಟನ್ನು ಹೊತ್ತವರು ಕಡೆಗೆ ಏನು ಮಾಡುತ್ತಾರೆ ಅಂತ ನನಗೆ ಗೊತ್ತು, ಏಕೆಂದರೆ ನಾನೂ ಮಾಡಿದ್ದೇನೆ. ಪುಟದ ಮೇಲೆ ಒಂದು ಉದ್ದನೆಯ ಕೆಂಪು ಗೀಟು, ಸಹಿ, ತಾರೀಖು. ನೋಟ್‌ಬುಕ್ ಪರಿಶೀಲಿಸಿದಂತಾಯಿತು, ಆದರೆ ಯಾರೂ ಅದನ್ನು ಓದಲಿಲ್ಲ.

ಅದರ ಬೆಲೆ ಏನೆಂದು ನನಗೆ ತಿಳಿದದ್ದು ಒಬ್ಬ ಹುಡುಗಿಯಿಂದ. 1998ರ ಮಾತು, ಆಗ ನನ್ನ ಹತ್ತನೇ ತರಗತಿಯಲ್ಲಿ ನೂರರ ಹತ್ತಿರ ಮಕ್ಕಳಿದ್ದರು. ಮೂರನೇ ಬೆಂಚಿನ ಗೋಡೆ ಕಡೆ ಕೂರುತ್ತಿದ್ದಳು. ಬಹಳ ಶಿಸ್ತಿನ ಹುಡುಗಿ, ಅಕ್ಷರ ಮುತ್ತು ಪೋಣಿಸಿದ ಹಾಗೆ. ಬೋರ್ಡಿನ ಮೇಲಿನ ಒಂದು ಗೆರೆಯನ್ನೂ ಬಿಡದೆ ಬರೆದುಕೊಳ್ಳುತ್ತಿದ್ದಳು. ಅವಳ ನೋಟ್‌ಬುಕ್ಕಿಗೆ ಎಷ್ಟು ಸಲ 'ಉತ್ತಮ' ಎಂದು ಬರೆದಿದ್ದೆನೋ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗಣಿತಕ್ಕೆ 11 ಅಂಕ ಬಂತು. ಅವತ್ತು ಸಂಜೆ ಅವಳನ್ನು ಸ್ಟಾಫ್ ರೂಮಿಗೆ ಕರೆದು, ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸಮೀಕರಣ ಬಿಡಿಸು ಅಂದೆ. ಮೈನಸ್ ಮೂರು ಮೈನಸ್ ಐದು ಬಂದ ಕಡೆ ಅವಳು ಒಂದಿಷ್ಟೂ ಅನುಮಾನವಿಲ್ಲದೆ ಪ್ಲಸ್ ಎಂಟು ಬರೆದಳು. ಯಾಕವ್ವಾ ಅಂದೆ. "ಮೈನಸ್ ಮೈನಸ್ ಪ್ಲಸ್ ಅಲ್ಲವಾ ಮೇಡಂ?" ಅಂದಳು.

ಗುಣಾಕಾರದ ನಿಯಮವನ್ನು ಕೂಡುವ ಕಡೆ ಹಾಕಿಕೊಂಡಿದ್ದಳು. ಏಳನೇ ತರಗತಿಯಿಂದ ಹಾಗೇ ಮಾಡುತ್ತಿದ್ದಳಂತೆ. ನಾಲ್ಕು ವರ್ಷ, ನಾಲ್ಕು ನೋಟ್‌ಬುಕ್ಕು, ಎಷ್ಟೋ ಕೆಂಪು ಗೀಟು. ಒಬ್ಬರೂ ಅವಳು ತಾನಾಗಿ ಬರೆದ ಒಂದು ಸಾಲನ್ನು ನೋಡಿರಲಿಲ್ಲ. ಕಡಲೆಕಾಯಿ ಇಟ್ಟು, ಸಾಲದ ಲೆಕ್ಕ ಹೇಳಿ, ಅರ್ಧ ತಾಸಿನಲ್ಲಿ ಆ ಗಂಟು ಬಿಡಿಸಿದೆವು. ಮುಖ ಅರಳಿತು, ನಿಜ. ಆದರೆ ಪಬ್ಲಿಕ್ ಪರೀಕ್ಷೆಗೆ ಐದು ವಾರ ಉಳಿದಿತ್ತು. ಅವಳು ಆ ವರ್ಷ ಗಣಿತದಲ್ಲಿ ಪಾಸಾಗಲಿಲ್ಲ. ಮದುವೆ ಮಾಡಿಬಿಟ್ಟರು.

ಆ ಅರ್ಧ ತಾಸು ಅವಳಿಗೆ ಏಳರಲ್ಲೋ ಎಂಟರಲ್ಲೋ ಸಿಕ್ಕಿದ್ದರೆ ಎಂದು ಇವತ್ತಿಗೂ ಯೋಚಿಸುತ್ತೇನೆ. ತುಂಬಿದ ಕ್ಲಾಸಿನಲ್ಲಿ ಕಾಣೆಯಾಗುವುದು ಪಾಠವಲ್ಲ ಪುಟ್ಟಿ. ನಮಗೆ ದನಿ ಇದೆ, ಬೋರ್ಡಿದೆ, 94 ಮಂದಿಗೂ ಪ್ರಮೇಯ ಹೇಳಬಹುದು. ಮಗು ಎಲ್ಲಿ ತಪ್ಪುತ್ತಿದೆ ಎಂಬುದು ಕಾಣೆಯಾಗುತ್ತದೆ. ಗಣಿತದಲ್ಲಂತೂ ಮಗು ತಪ್ಪಿದ ಹೆಜ್ಜೆಯೇ ನಾವು ಕಲಿಸಲು ಶುರುಮಾಡಬೇಕಾದ ಜಾಗ. ಜಾಣರು ಕೈ ಎತ್ತುತ್ತಾರೆ, ತುಂಟರು ಬೆಂಚು ಬಡಿಯುತ್ತಾರೆ, ಇಬ್ಬರೂ ಹೇಗೋ ನಮ್ಮ ಕಣ್ಣಿಗೆ ಬೀಳುತ್ತಾರೆ. ನಡುವಿನವರು, ಸುಮ್ಮನೆ ಬರೆದುಕೊಳ್ಳುವವರು, ನಮ್ಮ ಎದುರೇ ಕೂತು ಕಾಣದೆ ಹೋಗುತ್ತಾರೆ. ಲ್ಯಾಬಿನಲ್ಲೂ ಅದೇ ಆಯಿತು ಅಂದೆಯಲ್ಲ, ಲಿಟ್ಮಸ್ ಕಾಗದ ಬಣ್ಣ ಬದಲಿಸಿದ್ದು ಮುಂದಿನ ಹದಿನೈದು ಮಂದಿಗೆ ಕಂಡಿತು, ಉಳಿದವರಿಗೆ ಅವರ ಬೆನ್ನು ಕಂಡಿತು.

ಇನ್ನೊಂದು ಕಾಣೆಯಾಗುವಿಕೆ ನಮ್ಮ ಸೀಮೆಯದೇ. ನಿನ್ನದು ಕಾಲುವೆ ಪಕ್ಕದ ಊರು. ದೀಪಾವಳಿ ಕಳೆದ ಮೇಲೆ ಹತ್ತಿ ಬಿಡಿಸುವ ಕೆಲಸ, ಸಂಕ್ರಾಂತಿಯ ಆಚೆಗೆ ಮೆಣಸಿನಕಾಯಿ ಬಿಡಿಸುವ ಕೆಲಸ. ಮೂವತ್ತು ಮಕ್ಕಳ ಕ್ಲಾಸಿನಲ್ಲಿ ಒಂದು ಮಗು ಎರಡು ದಿನ ಬಾರದಿದ್ದರೆ ಆ ಜಾಗ ಖಾಲಿ ಕಾಣುತ್ತದೆ. 94ರಲ್ಲಿ ಪಕ್ಕದವರು ಸ್ವಲ್ಪ ಸರಿದು ಕೂತುಕೊಳ್ಳುತ್ತಾರೆ, ಹಾಯಾಗುತ್ತದೆ. ಹಾಜರಿ ಪುಸ್ತಕದಲ್ಲಿ ಗುರುತು ಬೀಳುತ್ತದೆ, ನಿಜ. ಮನಸ್ಸಿನಲ್ಲಿ ಬೀಳುವುದಿಲ್ಲ. ಗೆಳತಿಯರನ್ನು ಕೇಳಿ ಮನೆಗೆ ಹೇಳಿಕಳಿಸುವಷ್ಟರಲ್ಲಿ ಎರಡು ವಾರ ಕಳೆದಿರುತ್ತದೆ, ಆಮೇಲೆ ಆ ಮಗುವಿಗೇ ಬರಲು ನಾಚಿಕೆ. ಆದ್ದರಿಂದ ಈಗಿನಿಂದಲೇ ಯಾರ ಮನೆಯವರು ಯಾವ ಕೆಲಸಕ್ಕೆ, ಯಾವ ಊರಿಗೆ ಹೋಗುತ್ತಾರೆ ಎಂದು ಕೇಳಿ ಬರೆದಿಟ್ಟುಕೊ.

ಈಗ ಹೇಳಲು ಕಷ್ಟವಾದ ಮಾತು. ಗುಂಪು ಹೆಚ್ಚಾದಷ್ಟೂ ಕೈ ಕೋಲಿನ ಕಡೆ ಹೋಗುತ್ತದೆ. ನಾನು ಹೊಡೆದಿದ್ದೇನೆ. ಒಮ್ಮೆ ಒಬ್ಬ ಹುಡುಗ ಪೆನ್ನು ಬೀಳಿಸಿದ್ದಕ್ಕೆ ಅಂಗೈ ಬಾಸುಂಡೆ ಏಳುವಂತೆ ಬಾರಿಸಿದೆ. ಅವನ ತಪ್ಪು ಅಷ್ಟೇ. ಹೊಡೆದದ್ದು ಅವನಿಗಾಗಿ ಅಲ್ಲ, ಉಳಿದವರು ಸುಮ್ಮನಾಗಲಿ ಅಂತ. ಅವರು ಸುಮ್ಮನಾದರು. ಆ ಹುಡುಗ ವರ್ಷವಿಡೀ ನನ್ನ ಕಡೆ ಕಣ್ಣೆತ್ತಿ ನೋಡಲಿಲ್ಲ. ಈಗ ಕಾನೂನೇ ಅದನ್ನು ನಿಷೇಧಿಸಿದೆ, ಒಳ್ಳೆಯದಾಯಿತು. ಆದರೆ ಮಾತಿನ ಕೋಲೂ ಇದೆ, ಅದಕ್ಕೆ ಬಾಸುಂಡೆ ಕಾಣುವುದಿಲ್ಲ. ಕೂಗಿ ಕೂಗಿ ಗಂಟಲು ಕಟ್ಟಿದ ದಿನ ನಾಲಿಗೆ ಬಹಳ ಕೆಟ್ಟದ್ದಾಗಿರುತ್ತದೆ. ಅಂಥ ದಿನ ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದು ಮಾತಿಲ್ಲದೆ ನಿಂತುಬಿಡು. ಹಾಗೇ, ಗಂಟಲನ್ನು ನಿರ್ಲಕ್ಷಿಸಬೇಡ. ನನ್ನ ದನಿ ಒಡೆದದ್ದು ವಯಸ್ಸಿನಿಂದಲ್ಲ.

"ಮೂವತ್ತಕ್ಕೆ ಒಬ್ಬರು ಅಂತ ನಿಯಮ ಇದೆಯಲ್ಲ?" ಎಂದು ನೀನು ಕೇಳಿದ್ದೆ. ನಿಯಮ ಇದೆ, ಆದರೆ ನಿನ್ನ ಮಕ್ಕಳಿಗೆ ಮೂವತ್ತಲ್ಲ. 2010ರ ಏಪ್ರಿಲ್‌ನಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಆರರಿಂದ ಎಂಟನೇ ತರಗತಿಗೆ 35 ಮಕ್ಕಳಿಗೆ ಒಬ್ಬ ಶಿಕ್ಷಕರು ಎಂದಿದೆ. ಆ ಕಾಯ್ದೆಯ ಕೈ ಎಂಟಕ್ಕೆ ನಿಲ್ಲುತ್ತದೆ. ನಮ್ಮ ರಾಜ್ಯದಲ್ಲಿ ಹೈಸ್ಕೂಲು ಶುರುವಾಗುವುದೇ ಎಂಟರಿಂದ. ಅಂದರೆ ನಿನ್ನದೇ ಕಟ್ಟಡದಲ್ಲಿ ಎಂಟನೆಯ ಮಗುವಿಗೆ ಕಾಯ್ದೆಯ ಸಂಖ್ಯೆ ಇದೆ, ಪಕ್ಕದ ಕೋಣೆಯ ಒಂಬತ್ತನೆಯ ಮಗುವಿಗೆ ಇಲ್ಲ. ಮೇಲಿನ ತರಗತಿಗಳಿಗೆ ಇರುವುದು ಯೋಜನೆಯ ಮಾತು, ನೀತಿಯ ಮಾತು: 2020ರ ರಾಷ್ಟ್ರೀಯ ಶಿಕ್ಷಣ ನೀತಿ 30ಕ್ಕಿಂತ ಕಡಿಮೆ ಇರಲಿ ಎನ್ನುತ್ತದೆ, ಹಿಂದುಳಿದ ಸಮುದಾಯಗಳ ಮಕ್ಕಳೇ ಹೆಚ್ಚಿರುವ ಕಡೆ 25ಕ್ಕಿಂತ ಕಡಿಮೆ ಎನ್ನುತ್ತದೆ.

ಆ ಅನುಪಾತದಲ್ಲೂ ಒಂದು ಮರೆ ಇದೆ, ಗಣಿತದವಳಾಗಿ ನೀನು ಗಮನಿಸಲೇಬೇಕು. ಒಂದು ಹೈಸ್ಕೂಲಿನಲ್ಲಿ ಮೂರು ತರಗತಿ, ತಲಾ 70 ಮಕ್ಕಳು, ಏಳು ಜನ ಶಿಕ್ಷಕರು ಅಂದುಕೊ. 210ನ್ನು ಏಳರಿಂದ ಭಾಗಿಸಿದರೆ 30. ಕಡತದಲ್ಲಿ ಎಲ್ಲ ಸರಿ. ಆದರೆ ಕನ್ನಡದವರು, ಹಿಂದಿಯವರು, ಸಮಾಜದವರು, ಗಣಿತದವರು ಕೋಣೆಯೊಳಗೆ ಹೋಗುವುದು ಸರದಿಯಂತೆ ಒಬ್ಬೊಬ್ಬರೇ. ಯಾರು ಹೋದರೂ ಎದುರಿಗೆ 70 ಮಕ್ಕಳೇ. ಅನುಪಾತ ಸರಿಯಿದೆ ಎಂದು ಯಾರಾದರೂ ಹೇಳಿದಾಗ, ಕೋಣೆಯಲ್ಲಿ ಎಷ್ಟು ಜನ ಎಂದು ಕೇಳು.

ಹಾಗೆಂದು ಈ ಮಕ್ಕಳು ಹೊರೆ ಎಂಬ ಭಾವ ಒಂದು ಕ್ಷಣವೂ ನಿನ್ನಲ್ಲಿ ಬರಬಾರದು. 2006ರಲ್ಲಿ ಎಂಟನೇ ತರಗತಿಗೆ ಸೈಕಲ್ ಕೊಡಲು ಶುರುವಾದಾಗ ನಮ್ಮ ಶಾಲೆಯ ವರಾಂಡದಲ್ಲಿ ಅವು ಸಾಲಾಗಿ ನಿಂತದ್ದನ್ನು ನೋಡಿ ನಾನು ಕಣ್ಣೊರೆಸಿಕೊಂಡಿದ್ದೆ. ಏಳಕ್ಕೇ ಶಾಲೆ ಬಿಡಬೇಕಿದ್ದ ಹುಡುಗಿಯರು ಸುತ್ತಲ ಹಳ್ಳಿಗಳಿಂದ ಬಂದರು. ಕೋಣೆ ತುಂಬಿತು, ಬೆಂಚು ಸಾಲದೆ ಬಂತು. ಆ ತುಂಬುವಿಕೆಗೆ ನಾವು ಎಷ್ಟು ವರ್ಷ ಕಾದಿದ್ದೆವು! 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ಆಗಿನ ಇಡೀ ಜಿಲ್ಲೆಯ ಶಾಲೆಗಳ ಲೆಕ್ಕ ಬರೆದು ಮದರಾಸಿಗೆ ಕಳಿಸಿದ್ದ. 533 ಶಾಲೆಗಳು, ಅದರಲ್ಲಿ 235 ಕನ್ನಡದವು, ಒಟ್ಟು 6,641 ಮಕ್ಕಳು. ಶಾಲೆಗೆ ಹನ್ನೆರಡು ಹದಿಮೂರು ಮಕ್ಕಳಾದರು, ಎಷ್ಟು ಹಿತವಾದ ಸಂಖ್ಯೆ ಅನ್ನಿಸುತ್ತದೆ. ಆದರೆ ಅಷ್ಟೂ ಮಕ್ಕಳಲ್ಲಿ ಹುಡುಗಿಯರು 60. ನಿನ್ನ ಒಂದು ಕೋಣೆಯಲ್ಲಿ ಎಷ್ಟು ಹುಡುಗಿಯರಿದ್ದಾರೆ ಎಂದು ನಾಳೆ ಎಣಿಸು. ಮಕ್ಕಳು ಬಂದದ್ದು ತಪ್ಪಲ್ಲ ಪುಟ್ಟಿ. ಅವರು ಬಂದ ಮೇಲೆ ಕೋಣೆಯನ್ನೂ ಶಿಕ್ಷಕರನ್ನೂ ಹೆಚ್ಚಿಸದೆ ಬಿಟ್ಟದ್ದು ತಪ್ಪು.

ಕ್ಯಾಂಪ್‌ಬೆಲ್ಲನ ಅದೇ ವರದಿಯಲ್ಲಿ ನಿನಗೆ ಉಪಯೋಗವಾಗುವ ಸಂಗತಿಯೂ ಇದೆ. ಮುಂದಿರುವ ಮಕ್ಕಳು ಹಿಂದಿರುವವರಿಗೆ ಹೇಳಿಕೊಡುವ ನಮ್ಮ ಊರ ಶಾಲೆಗಳ ಪದ್ಧತಿಯನ್ನು ಆತ ಮೆಚ್ಚಿದ್ದ. ಹೇಳಿಕೊಡುವವರ ಕಲಿಕೆಯೂ ಅದರಿಂದ ಗಟ್ಟಿಯಾಗುತ್ತದೆ ಎಂದಿದ್ದ. ನಾನು ಕಡೆಯ ಹತ್ತು ವರ್ಷ ಅದನ್ನೇ ಮಾಡಿದೆ. ಆದರೆ ಮೊದಲ ವರ್ಷ ಒಂದು ತಪ್ಪು ಮಾಡಿದ್ದೆ. ಜಾಣರನ್ನೇ ಲೀಡರ್ ಮಾಡಿದೆ. ಅವರು ಉತ್ತರ ಹೇಳಿ ಬರೆಸಿದರು, ಕೆಲವರು ದರ್ಪ ಮಾಡಿದರು. ಆಮೇಲೆ ಆ ವಾರ ಆ ಲೆಕ್ಕವನ್ನು ಕಷ್ಟಪಟ್ಟು ಕಲಿತವರನ್ನು ಆರಿಸಿದೆ. ಎಲ್ಲಿ ಎಡವಿದ್ದೆವು ಎಂದು ಅವರಿಗೆ ಇನ್ನೂ ನೆನಪಿರುತ್ತದೆ, ತಾಳ್ಮೆಯಿಂದ ಹೇಳಿಕೊಡುತ್ತಾರೆ. ವಾರಕ್ಕೊಮ್ಮೆ ಲೀಡರ್ ಬದಲಾಗಲಿ.

ಇನ್ನು ಆ 188 ನಿಮಿಷ. ಅದನ್ನು ಬಿಟ್ಟುಬಿಡು, ಎಲ್ಲ ನೋಟ್‌ಬುಕ್ ಓದುವ ಹಟ ಬೇಡ. ಪೀರಿಯಡ್ಡಿನ ಕೊನೆಯ ಐದು ನಿಮಿಷ ಒಂದೇ ಒಂದು ಲೆಕ್ಕ ಕೊಟ್ಟು ಅರ್ಧ ಹಾಳೆಯಲ್ಲಿ ಬರೆಸು. ಅಂಕ ಹಾಕಬೇಡ, ಕೆಂಪು ಪೆನ್ನು ತೆಗೆಯಲೇಬೇಡ. ಹಾಳೆಗಳನ್ನು ತಪ್ಪಿನ ಪ್ರಕಾರ ಗುಂಪು ಮಾಡು: ಚಿಹ್ನೆ ತಪ್ಪಿದವರು, ಪಕ್ಷಾಂತರದಲ್ಲಿ ಎಡವಿದವರು, ಪ್ರಶ್ನೆಯೇ ಅರ್ಥವಾಗದವರು, ಸರಿಯಾಗಿ ಮಾಡಿದವರು. 94 ಹಾಳೆ ಇಪ್ಪತ್ತು ನಿಮಿಷದಲ್ಲಿ ನಾಲ್ಕೈದು ಕಂತೆಗಳಾಗುತ್ತವೆ. ಮರುದಿನ ಯಾವ ಕಂತೆ ದೊಡ್ಡದೋ ಅಲ್ಲಿಂದ ಪಾಠ ಶುರುಮಾಡು. ಇದರ ಜೊತೆಗೆ ದಿನಕ್ಕೆ ಆರು ನೋಟ್‌ಬುಕ್ ಮನೆಗೆ ತೆಗೆದುಕೊಂಡು ಹೋಗಿ ಪೂರ್ತಿ ಓದು. ಹದಿನಾರು ದಿನಕ್ಕೆ ಎಲ್ಲರದ್ದೂ ಮುಗಿಯುತ್ತದೆ. ತಿಂಗಳಿಗೊಂದು ಸಲ ಪ್ರತಿ ಮಗುವನ್ನೂ ಹಾಗೆ ನೋಡಿದರೆ ಸಾಕು ಅಂತ ನಾನು ಹೇಳುತ್ತಿಲ್ಲ. ನಾಲ್ಕು ವರ್ಷ ನೋಡದಿದ್ದವರಿಗಿಂತ ಮೇಲು, ಅಷ್ಟೆ.

ಇಷ್ಟು ಮಾಡಿಕೊಂಡು ಸಹಿಸಿಕೊಂಡಿರು ಎನ್ನುವುದಕ್ಕೂ ಈ ಕಾಗದವಲ್ಲ. ಹೆಚ್ಚುವರಿ ಸೆಕ್ಷನ್ ಕೇಳಲೇಬೇಕು. ಇಲಾಖೆಯ ಸ್ಯಾಟ್ಸ್ ತಂತ್ರಾಂಶದಲ್ಲಿರುವ ದಾಖಲಾತಿ ಸಂಖ್ಯೆ, ಕೋಣೆಯ ಅಳತೆ, ಬೆಂಚುಗಳ ಎಣಿಕೆ, ಖಾಲಿ ಹುದ್ದೆ, ಇಷ್ಟನ್ನು ಒಂದು ಪುಟದಲ್ಲಿ ಬರೆ. ಶಾಲೆಯ ಎಸ್‌ಡಿಎಂಸಿ ಸಮಿತಿಯ ಸಭೆಯಲ್ಲಿ ಓದಿ ನಡಾವಳಿಯಲ್ಲಿ ಸೇರಿಸಿ, ಹೆಡ್‌ಮಾಸ್ಟರ ಮೂಲಕ ಬಿಇಓ ಆಫೀಸಿಗೆ ಕಳಿಸು. ತಾಯಂದಿರನ್ನು ಕರೆಸು, ಅವರು ಆ ಕೋಣೆಯಲ್ಲಿ ಹತ್ತು ನಿಮಿಷ ಕೂರಲಿ. ನಮಗೆ ಎರಡನೇ ಸೆಕ್ಷನ್ ಸಿಕ್ಕಿದ್ದು ಕೇಳಲು ಶುರುಮಾಡಿದ ಮೂರನೇ ವರ್ಷ, ಅದೂ ಅತಿಥಿ ಶಿಕ್ಷಕರೊಬ್ಬರ ಜೊತೆಗೆ. ಆ ವರ್ಷ ನಾನು ಜುಲೈ ಮುಗಿಯುವಷ್ಟರಲ್ಲಿ ಎಲ್ಲ ಮಕ್ಕಳ ಹೆಸರು ಕಲಿತಿದ್ದೆ.

ದಸರಾ ರಜೆಗೆ ಬರುವಾಗ ಬಟ್ಟೆ ಕಡಿಮೆ ಇಟ್ಟುಕೊಂಡು ಆ ಅರ್ಧ ಹಾಳೆಗಳ ಕಂತೆ ತಾ. ನನ್ನ ಕಣ್ಣಿನ ಪೊರೆ ತೆಗೆಸಿದ ಮೇಲೆ ಈಗ ಚೆನ್ನಾಗಿ ಓದಲು ಬರುತ್ತದೆ. ಇಬ್ಬರೂ ಪಡಸಾಲೆಯಲ್ಲಿ ಹರವಿಕೊಂಡು ಕೂರೋಣ. ಮೈನಸ್ ಮೂರು ಮೈನಸ್ ಐದಕ್ಕೆ ಪ್ಲಸ್ ಎಂಟು ಬರೆದವರು ಎಷ್ಟು ಜನ ಇದ್ದಾರೆ ಅಂತ ನಾನೇ ಹುಡುಕಬೇಕು.

ನಿನ್ನ ಪ್ರೀತಿಯ
ದೊಡ್ಡಮ್ಮ