ದಿನದ ಧಮ್ಮ ಚಿಂತನೆ: ಹಚ್ಚೆ ಅಳಿಸುವಾಗ



ಹೊಸದಾಗಿ ದೀಕ್ಷೆ ಪಡೆದ ತಂಗಿಯೊಬ್ಬರ ಪ್ರಶ್ನೆ ಇದು: "ಟೀಚರ್, ನನ್ನ ಕೈ ಮೇಲೆ ದೇವರ ಹಚ್ಚೆ ಇದೆ. ತೆಗೆಸಲೇಬೇಕಾ?" ಇದೇ ಪ್ರಶ್ನೆ ಇನ್ನೂ ಹಲವರ ಮನಸ್ಸಿನಲ್ಲಿರಬಹುದು. ನಾನೂ ಹಚ್ಚೆ ತೆಗೆಸಿದವಳು. ಹಾಗಾಗಿ ಇವತ್ತು ಅದರ ಬಗ್ಗೆಯೇ ಬರೆಯುತ್ತೇನೆ.

ಮೊದಲು ನೇರ ಉತ್ತರ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳನ್ನು ಮತ್ತೆ ಓದಿ ನೋಡಿ. ದೇವರುಗಳನ್ನು ಪೂಜಿಸುವುದಿಲ್ಲ, ಶ್ರಾದ್ಧ ಮಾಡುವುದಿಲ್ಲ, ಪಿಂಡ ಇಡುವುದಿಲ್ಲ, ಸುಳ್ಳು ಹೇಳುವುದಿಲ್ಲ, ಕದಿಯುವುದಿಲ್ಲ ಎಂದೆಲ್ಲ ಹೇಳುತ್ತೇವೆ. ಚರ್ಮದ ಮೇಲೆ ಮೊದಲೇ ಇರುವ ಗುರುತಿನ ಬಗ್ಗೆ ಅಲ್ಲಿ ಒಂದು ಮಾತೂ ಇಲ್ಲ. ಆದ್ದರಿಂದ ತೆಗೆಸಲೇಬೇಕು ಎಂದು ಯಾರಾದರೂ ಹೇಳಿದರೆ ಅದು ಅವರ ಸ್ವಂತ ಮಾತು.

ಆದರೆ ಕೊನೆಯ ಪ್ರತಿಜ್ಞೆಗಳಲ್ಲಿ, ಇದು ನನಗೆ ಹೊಸ ಹುಟ್ಟು ಎಂದು ನಂಬುತ್ತೇನೆ, ಎಂದೂ ಹೇಳುತ್ತೇವೆ. ಕಷ್ಟ ಶುರುವಾಗುವುದು ಅಲ್ಲೇ. ಹುಟ್ಟು ಹೊಸದು, ಚರ್ಮ ಹಳೆಯದು.

ನನ್ನ ಬಲಗೈ ಮೇಲೆ ಒಂದು ತ್ರಿಶೂಲ, ಸುತ್ತ ಐದು ಚುಕ್ಕಿ ಇದ್ದವು. ನನಗೆ ಐದು ವರ್ಷವಿದ್ದಾಗ ಅಜ್ಜಿ ಹಾಕಿಸಿದ್ದು. ಸೂಜಿ, ಮಣಿ ಮಾರುತ್ತ ಕೇರಿಗೆ ಬರುತ್ತಿದ್ದ ಹೆಂಗಸೊಬ್ಬಳು ದೀಪದ ಕಾಡಿಗೆಗೆ ಸೊಪ್ಪಿನ ರಸ ಕಲಸಿ ಚುಚ್ಚಿದಳಂತೆ. ಅದೇ ಕೈಯಲ್ಲಿ ಬೋರ್ಡಿನ ಮೇಲೆ ಬರೆಯುತ್ತೇನೆ. ದೀಕ್ಷೆಯಾದ ಮೇಲೆ ಅದೇ ಕೈ ಜೋಡಿಸಿ ತ್ರಿಸರಣ ಹೇಳುತ್ತಿದ್ದೆ, ಕಣ್ಣು ಮಾತ್ರ ತ್ರಿಶೂಲದ ಮೇಲೇ ಹೋಗುತ್ತಿತ್ತು. ಸೆಕೆಗಾಲದಲ್ಲೂ ಉದ್ದ ತೋಳಿನ ರವಿಕೆ ತೊಡುವುದು ರೂಢಿಯಾಯಿತು.

ನಮ್ಮ ಬಳಗದ ಯುವಕರೊಬ್ಬರು ಆಗ ಒಂದು ವಾದ ಮುಂದಿಟ್ಟರು. ಪೇಶ್ವೆಗಳ ಆಳ್ವಿಕೆಯಲ್ಲಿ ಅಸ್ಪೃಶ್ಯರು ಕೈಗೋ ಕತ್ತಿಗೋ ಕರಿದಾರ ಕಟ್ಟಿಕೊಳ್ಳಬೇಕಿತ್ತು ಎಂದು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಬರೆದಿದ್ದಾರೆ. ಮೇಲ್ಜಾತಿಯವರು ತಿಳಿಯದೆ ಮುಟ್ಟಿ ಮೈಲಿಗೆಯಾಗದಿರಲಿ ಎಂದು ಆ ಗುರುತು. "ನಿಮ್ಮ ಹಚ್ಚೆಯೂ ಅಂಥದ್ದೇ ಮೇಡಂ" ಎಂದರು. ನಾನು ಪೂರ್ತಿ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಕರಿದಾರ ಕಟ್ಟಿಸಿದವರು ನಮ್ಮನ್ನು ದೂರ ಇಡಲು ಕಟ್ಟಿಸಿದರು. ಹಚ್ಚೆ ಹಾಕಿಸಿದ ಅಜ್ಜಿ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಾಕಿಸಿದಳು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆದರೂ ಅದು ನನ್ನ ನಂಬಿಕೆಯ ಗುರುತಲ್ಲ ಎಂಬುದು ನಿಜ. ತೆಗೆಸಲು ಚರ್ಮವೈದ್ಯರ ಬಳಿ ಹೋದೆ.

ಲೇಸರ್ ಎಂದರೆ ಒಂದೇ ಸಲಕ್ಕೆ ಒರೆಸಿಬಿಡುತ್ತದೆ ಎಂದು ಹಲವರು ತಿಳಿದಿದ್ದಾರೆ, ಹಾಗಲ್ಲ. ಬಣ್ಣ ಇರುವುದು ಮೇಲ್ಚರ್ಮದ ಕೆಳಗಿನ ಪದರದಲ್ಲಿ. ಲೇಸರ್ ಅದನ್ನು ಪುಡಿ ಮಾಡುತ್ತದೆ ಅಷ್ಟೆ. ಆ ಪುಡಿಯನ್ನು ದೇಹವೇ ನಿಧಾನವಾಗಿ ಹೊತ್ತು ಸಾಗಿಸಬೇಕು. ಒಂದು ಸಲಕ್ಕೂ ಇನ್ನೊಂದಕ್ಕೂ ನಡುವೆ ಆರೇಳು ವಾರ ಕಾಯಬೇಕು. ನಮ್ಮಂಥ ಕಂದು, ಕಪ್ಪು ಚರ್ಮಕ್ಕೆ ಅವಸರ ಮಾಡಿದರೆ ಬಿಳಿ ಕಲೆಯೋ ಕರಿ ಕಲೆಯೋ ಉಳಿಯುವ ಅಪಾಯ ಹೆಚ್ಚು. ನೋವು ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ. ಕೂದಲು ಸುಟ್ಟ ವಾಸನೆ ಬರುತ್ತದೆ.

ಆ ದಿನಗಳಲ್ಲಿ ಓದಿದ ಒಂದು ವಿಷಯ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಹಚ್ಚೆಯ ಬಣ್ಣವನ್ನು ಚರ್ಮದೊಳಗಿನ ರಕ್ಷಕ ಜೀವಕೋಶಗಳು ನುಂಗಿ ಹಿಡಿದಿಟ್ಟುಕೊಂಡಿರುತ್ತವೆ. ಫ್ರಾನ್ಸಿನ ಮಾರ್ಸೇ ನಗರದ ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದ, ಇಲಿಗಳ ಮೇಲಿನ ಅಧ್ಯಯನ ಹೇಳುವುದು ಇಷ್ಟು: ಆ ಕೋಶಗಳು ಸಾಯುತ್ತವೆ, ಬಣ್ಣ ಹೊರಗೆ ಬೀಳುತ್ತದೆ, ಹೊಸದಾಗಿ ಬಂದ ಕೋಶಗಳು ಅದನ್ನೇ ಮತ್ತೆ ನುಂಗುತ್ತವೆ. ಗುರುತು ಅಲುಗಾಡದೆ ಕೂತಿದೆ ಎಂದು ನಮಗೆ ಕಾಣುತ್ತದೆ. ಒಳಗೆ ಒಂದು ಬಿಟ್ಟದ್ದನ್ನು ಇನ್ನೊಂದು ಹಿಡಿಯುತ್ತಲೇ ಇದೆ. ಉಪಾದಾನ ಎಂಬ ಪಾಲಿ ಪದಕ್ಕೆ 'ಅಂಟು' ಎಂದು ಅರ್ಥ ಹೇಳಿ ಮುಂದೆ ಹೋಗುತ್ತಿದ್ದೆ. ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಎರಡನೆಯ ಸಲ ಲೇಸರ್ ಆದ ಮೇಲೆ ತ್ರಿಶೂಲದ ಮೊನೆ ಮಸುಕಾಯಿತು. ಖುಷಿಯಾಗಬೇಕಿತ್ತು. ಆದದ್ದು ಸಿಟ್ಟು. ದಿನಕ್ಕೆ ಹತ್ತು ಸಲ ಕೈ ನೋಡಿಕೊಳ್ಳುವುದು, ಇನ್ನೂ ಹೋಗಿಲ್ಲವಲ್ಲ ಎಂದು ಕುದಿಯುವುದು. ಸಾರನಾಥದ ಮೊದಲ ಉಪದೇಶದಲ್ಲಿ ಬುದ್ಧರು ತಣ್ಹೆಯನ್ನು ಮೂರು ಬಗೆಯಾಗಿ ಹೇಳುತ್ತಾರೆ: ಸುಖದ ತಣ್ಹೆ, ಇರಬೇಕೆಂಬ ತಣ್ಹೆ, ಇಲ್ಲವಾಗಲಿ ಎಂಬ ತಣ್ಹೆ. (ಆರ್ಯಸತ್ಯಗಳ ಬಗ್ಗೆ ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದ ಪೀಠಿಕೆಯಲ್ಲಿ ಪ್ರಶ್ನೆ ಎತ್ತಿದ್ದಾರೆ. ಆ ಚರ್ಚೆ ಬೇರೆ, ಇನ್ನೊಂದು ದಿನಕ್ಕಿರಲಿ.) ಮೂರನೆಯದಕ್ಕೆ ವಿಭವತಣ್ಹಾ ಎಂದು ಹೆಸರು. ಪಾಠದಲ್ಲಿ ಅದು ಒಂದು ಸಾಲು. ನನ್ನ ಕೈ ಮೇಲೆ ಅದು ತಿಂಗಳುಗಟ್ಟಲೆ ಉರಿಯಿತು. ಅಳಿಸಿಹೋಗಲಿ, ನನ್ನ ಹಿಂದಿನದೆಲ್ಲ ಇಲ್ಲವೇ ಇಲ್ಲ ಎಂಬಂತಾಗಲಿ ಎಂಬ ಆಸೆಯೂ ಹಿಡಿತವೇ. ಹಿಡಿದ ಕೈ ತಿರುಗಿಸಿದ್ದೇವೆ, ಬಿಟ್ಟಿಲ್ಲ.

ಮೂರನೆಯ ಸಲವಾದ ಮೇಲೆ ಅವ್ವ ನನ್ನ ಕೈ ಹಿಡಿದು ನೋಡಿದಳು. "ಅಜ್ಜಿ ಗುರ್ತು ಅದೊಂದೇ ಇತ್ತಲ್ಲವ್ವ" ಎಂದಳು. ಬೈಯಲಿಲ್ಲ. ನಿಜ, ಅಜ್ಜಿಯ ಒಂದು ಫೋಟೊ ಕೂಡ ನಮ್ಮಲ್ಲಿಲ್ಲ. ಯಾಕೆ ತ್ರಿಶೂಲ ಹಾಕಿಸಿದಳು ಎಂದು ಅವತ್ತು ಕೇಳಿದೆ. ಅಜ್ಜಿಯ ಇಬ್ಬರು ಮಕ್ಕಳು ಸಿಡುಬಿನಲ್ಲಿ ಹೋದವರಂತೆ. ಮಾರಮ್ಮನ ಗುರುತಿದ್ದರೆ ಈ ಮಗುವನ್ನಾದರೂ ಬಿಟ್ಟಾಳು ಎಂದು ಚುಚ್ಚಿಸಿದ್ದಂತೆ. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. ನನಗೆ ಹಚ್ಚೆ ಹಾಕಿಸುವ ಹೊತ್ತಿಗೆ ರೋಗ ಹೋಗಿ ಹತ್ತು ವರ್ಷವಾಗಿತ್ತು. ಭಯ ಹೋಗಿರಲಿಲ್ಲ. ರೋಗ ಓಡಿಸಿದ್ದು ಲಸಿಕೆಯೇ ಹೊರತು ಮಾರಮ್ಮನಲ್ಲ, ಅದನ್ನು ತರಗತಿಯಲ್ಲೂ ಹೇಳುತ್ತೇನೆ. ಆದರೆ ಆ ರಾತ್ರಿ ಅತ್ತದ್ದು ದೇವಿಗಾಗಿ ಅಲ್ಲ. ಮಕ್ಕಳನ್ನು ಕಳೆದುಕೊಂಡು, ಆಸ್ಪತ್ರೆಯೂ ಅಕ್ಷರವೂ ಹತ್ತಿರವಿಲ್ಲದೆ, ಸೂಜಿಯ ಮೊನೆಯಲ್ಲಿ ಮೊಮ್ಮಗಳನ್ನು ಕಾಯಲು ಹೊರಟ ಒಬ್ಬ ಹೆಂಗಸಿಗಾಗಿ.

ಅದಾದ ಮೇಲೆ ಇನ್ನೊಂದು ಸಲ ಹೋದೆ. ಈಗ ತಿಳಿ ಬೂದು ಗೆರೆಯೊಂದು ಉಳಿದಿದೆ, ಗೊತ್ತಿದ್ದವರಿಗೆ ಮಾತ್ರ ಕಾಣುತ್ತದೆ. ಇನ್ನೂ ಒಂದೆರಡು ಸಲ ಬಂದರೆ ಅದೂ ಹೋಗಬಹುದು ಎಂದರು ಡಾಕ್ಟರ್. ಸಾಕು ಎಂದೆ. ಗಿಡ್ಡ ತೋಳಿನ ರವಿಕೆಗಳನ್ನು ಮತ್ತೆ ಹೊರತೆಗೆದಿದ್ದೇನೆ.

ತೆಗೆಸಬೇಕೆಂದಿರುವವರು ಸುಣ್ಣ, ಆಸಿಡ್ ಹಚ್ಚುವ ಮನೆಮದ್ದಿನ ಹತ್ತಿರ ಹೋಗಬೇಡಿ. ಬ್ಯೂಟಿ ಪಾರ್ಲರ್‌ನಲ್ಲೂ ಬೇಡ. ಚರ್ಮವೈದ್ಯರನ್ನೇ ಕಾಣಿ, ಆಮೇಲೆ ಬಿಸಿಲಿನಿಂದ ಕೈ ಕಾಪಾಡಿಕೊಳ್ಳಿ. ತೆಗೆಸದವರು ಕೈ ಮುಚ್ಚಿಕೊಳ್ಳದೆ ಬಂದು ಮುಂದಿನ ಸಾಲಿನಲ್ಲೇ ಕೂತು ವಂದನೆ ಹೇಳಿ. ಹೋಗುವ ಮುನ್ನ ಆ ಹಚ್ಚೆಯ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಹಾಕಿಸಿದವರು ಬದುಕಿದ್ದರೆ ಪಕ್ಕದಲ್ಲಿ ಕೂತು ಯಾಕೆ ಹಾಕಿಸಿದಿರಿ ಎಂದು ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಡಿ.

ಭವತು ಸಬ್ಬ ಮಂಗಲಂ. ಜೈ ಭೀಮ್.